ಮೂರನೆಯ ಪ್ರಕಟಣೆ

ಜನವರಿ 6, ಸೋಮವಾರ

ಅಮೀರ್‌ಪೇಟ್‌ನಲ್ಲಿ ಮೆಟ್ರೊ ಬದಲಿಸುವಾಗ ಎಂದಿನಂತೆ ಮಹಿಳೆಯರ ಕೋಚ್ ಕಡೆ ನೋಡಿದೆ. ಸುವರ್ಣಾ ಕೆಲಸ ಬಿಟ್ಟು ತಿಂಗಳಾಯಿತು. ಕಣ್ಣಿಗೆ ಇನ್ನೂ ಬುದ್ಧಿ ಬಂದಿಲ್ಲ.

ಊಟದ ಹೊತ್ತಿಗೆ ಪೂರ್ವಿ ಪಕ್ಕದಲ್ಲಿ ಬಂದು ಕೂತಳು. ಆಫೀಸಿನಲ್ಲಿ ನನ್ನ, ಸುವರ್ಣಾಳ ವಿಷಯ ಗೊತ್ತಿದ್ದವಳು ಅವಳೊಬ್ಬಳೇ.

"ಸುವರ್ಣಾಗೆ ಮದುವೆ ಕಣೋ ಚಂದ್ರಹಾಸ. ಯಶವಂತ ಅಂತ, ರಾಯಚೂರಿನ ಹುಡುಗ. ಅವರ ಚರ್ಚ್‌ನಲ್ಲಿ ಮದುವೆಗೆ ಮುಂಚೆ ಮೂರು ಭಾನುವಾರ ಹೆಸರು ಓದ್ತಾರಂತೆ. ಅಡ್ಡಿ ಇದ್ದವರು ಎದ್ದು ನಿಂತು ಹೇಳ್ಬೇಕಂತೆ. ನಿನ್ನೆ ಮೊದಲನೇದು ಆಯ್ತು."

ಬಾಕ್ಸ್ ಮುಚ್ಚಿಟ್ಟೆ. ಮೊಸರನ್ನ ಹಾಗೇ ಉಳಿಯಿತು.

ಮೂರು ವರ್ಷದಲ್ಲಿ ಅವಳು ಕೇಳಿದ್ದು ಒಂದೇ. "ಒಂದ್ಸಲ ನಮ್ಮ ಚರ್ಚಿಗೆ ಬಾ. ಅಪ್ಪನ ಬಾಜೂ ಒಂದು ತಾಸು ಕೂಡು. ಮುಂದಿಂದು ನಾ ನೋಡ್ಕೋತೀನಿ." ಮುಂದಿನ ವಾರ ಎಂದೆ. ಎರಡು ವರ್ಷ ಅದನ್ನೇ ಹೇಳಿದೆ. ಅವಳ ಅಪ್ಪ ಏನೆನ್ನುತ್ತಾರೋ, ಕುಂದಾಪುರದಲ್ಲಿ ಅಮ್ಮನ ಕಿವಿಗೆ ಬಿದ್ದರೆ ಏನೋ... ಹೇಡಿ ನಾನು. ಇದನ್ನು ಯಾರೂ ಓದುವುದಿಲ್ಲವಲ್ಲ, ಬರೆದುಬಿಟ್ಟೆ.

ಜನವರಿ 12, ಭಾನುವಾರ

ಬೇಗಂಪೇಟೆಯಲ್ಲೇ ಚರ್ಚ್. ಕನ್ನಡದವರ ಆರಾಧನೆ ಎಂಟಕ್ಕೆ, ಆಮೇಲೆ ತೆಲುಗಿನವರದು. ಗೇಟಿನವರೆಗೆ ಹೋದೆ. ಎದುರಿನ ಇರಾನಿ ಹೋಟೆಲಿನಲ್ಲಿ ಎರಡು ಚಹಾ ಕುಡಿದೆ. ಒಳಗೆ ಹಾಡು ಶುರುವಾಯಿತು, ನಿಂತಿತು... ವಾಪಸ್ ಬಂದೆ.

ಜನವರಿ 19, ಭಾನುವಾರ, ಮಧ್ಯಾಹ್ನ

ಹೋದೆ. ಒಳಗೇ ಹೋದೆ.

ಚಪ್ಪಲಿ ಹೊರಗೆ. ಗಂಡಸರು ಈ ಕಡೆ, ಹೆಂಗಸರು ಆ ಕಡೆ, ತಲೆಯ ಮೇಲೆ ಸೆರಗು. ನಾಲ್ಕನೇ ಸಾಲಿನಲ್ಲಿ ಸುವರ್ಣಾ. ನನಗೆ ಸರಿದು ಜಾಗ ಕೊಟ್ಟ ಹಿರಿಯರ ಮುಖ ನೋಡಿದೆ — ಅವಳ ಫೋನಿನಲ್ಲಿ ನೋಡಿದ್ದ ಮುಖ. ಕಾಶಿನಾಥರು, ಅವಳ ಅಪ್ಪ. ಎದ್ದು ಓಡೋಣ ಅನ್ನಿಸಿತು. ಅವರು ಹಾಡಿನ ಪುಸ್ತಕ ನನ್ನ ಕಡೆ ಸರಿಸಿ, ಪ್ರತಿ ಸಾಲಿನ ಕೆಳಗೂ ಬೆರಳಿಟ್ಟು ತೋರಿಸುತ್ತ ಹೋದರು. ಎರಡು ವರ್ಷ ನಾನು ಹೆದರಿದ್ದು ಇವರಿಗೆ!

ಯಾವಾಗ ಏಳಬೇಕು, ಯಾವಾಗ ಕೂರಬೇಕು, ಒಂದೂ ತಿಳಿಯಲಿಲ್ಲ. ಎಲ್ಲರೂ ಎದ್ದ ಮೇಲೆ ಏಳುತ್ತಿದ್ದೆ, ಕೂತ ಮೇಲೆ ಕೂರುತ್ತಿದ್ದೆ. ಪ್ರಾರ್ಥನೆಗೆ ಕಣ್ಣು ಮುಚ್ಚಿ ನಿಂತವನಿಗೆ ಅದು ಮುಗಿದದ್ದೇ ಗೊತ್ತಾಗಲಿಲ್ಲ. ಸುವರ್ಣಾ ಎಂಬ ಹೆಸರು ಕೇಳಿ ಕಣ್ಣು ಬಿಟ್ಟೆ. ಪಾಸ್ಟರ್ ಓದುತ್ತಿದ್ದರು: "...ಇದು ಮೂರನೆಯ ಹಾಗೂ ಕಡೆಯ ಪ್ರಕಟಣೆ. ಅಡ್ಡಿ ತಿಳಿದವರು ಈಗಲೇ ತಿಳಿಸಬೇಕು."

ಇಡೀ ಚರ್ಚ್ ಕೂತಿತ್ತು. ನಾನೊಬ್ಬನೇ ನಿಂತಿದ್ದೆ.

ಪಾಸ್ಟರ್ ಕನ್ನಡಕ ತೆಗೆದರು. "ಏನರ ಹೇಳೋದೈತೇನ್ರಿ?"

ಸುವರ್ಣಾ ತಿರುಗಿ ನೋಡಿದಳು. ಬೇಡ ಎನ್ನಲಿಲ್ಲ. ತಲೆ ತಗ್ಗಿಸಲಿಲ್ಲ. ಕಾದಳು. ಆ ಮುಖ ನನಗೆ ಗೊತ್ತು. ನಾನು 'ಮುಂದಿನ ವಾರ' ಎನ್ನುವ ಮೊದಲು ಪ್ರತಿ ಸಲ ಹೀಗೇ ಕಾಯುತ್ತಿದ್ದಳು.

"ಸಾರಿ" ಎಂದೆ.

ಕಾಶಿನಾಥರು ಅಂಗಿ ಹಿಡಿದು ಮೆಲ್ಲಗೆ ಎಳೆದರು. "ಕೂಡ್ರಿ ತಮ್ಮಾ. ಹೊಸಬರಿಗೆ ಹಿಂಗ ಆಗ್ತೈತಿ." ಅಕ್ಕಪಕ್ಕದವರು ನಕ್ಕರು. ಅವಳು ಮುಂದಕ್ಕೆ ತಿರುಗಿಕೊಂಡಳು.

ಮುಗಿದ ಮೇಲೆ ಚಪ್ಪಲಿ ಹುಡುಕುತ್ತಿದ್ದೆ. ಕಾಶಿನಾಥರು ಬಂದರು, ಹಿಂದೆ ಅವಳು.

"ಆಫೀಸಿನವರೊಬ್ರು ಬರ್ತಾರ, ನಿನ್ನ ಬಾಜೂ ಜಾಗ ಹಿಡೀ ಅಂತ ಇಕಿ ಭಾಳ ಸಲ ಹೇಳ್ತಿದ್ಲು. ಹಿಡಿದಿಡ್ತಿದ್ದೆ. ಚಂದ್ರಹಾಸ ಅಂತ. ನೀವೇ ಏನ್ರಿ ಅವರು?"

"ಅಲ್ಲ... ನಾನು ವಿನಾಯಕ."

ಯಾಕೆ ಹಾಗಂದೆ? ಯಾರು ಹೊಡೆಯುತ್ತಿದ್ದರು?

ಅವಳು ಬ್ಯಾಗಿನಿಂದ ಮದುವೆ ಕಾರ್ಡು ತೆಗೆದಳು. ಅಪ್ಪನ ಜೇಬಿನ ಪೆನ್ನು ಇಸಿದುಕೊಂಡು ಹೆಸರು ಬರೆದಳು. ಎರಡೂ ಕೈಯಲ್ಲಿ ಹಿಡಿದು ಕೊಟ್ಟಳು. ಮೂರು ವರ್ಷ ನನ್ನನ್ನು 'ನೀ' ಎಂದವಳು.

"ಮದುವಿಗೆ ಬರ್ರಿ, ವಿನಾಯಕ ಅವರೇ."

ಜನವರಿ 30, ಗುರುವಾರ, ಬೆಳಿಗ್ಗೆ 9

ಹತ್ತೂವರೆಗೆ ಮದುವೆ. ರಜೆ ಹಾಕಿದ್ದೇನೆ. ಬಿಳಿ ಅಂಗಿ ಇಸ್ತ್ರಿ ಆಗಿದೆ. ಅಮ್ಮ ಫೋನ್ ಮಾಡಿದ್ದಳು. "ಸ್ವರ ಎಂತಕ್ಕೆ ಹೀಂಗಿತ್ ಮಗಾ?" ಶೀತ ಎಂದೆ.

ಕಾರ್ಡು ಮೇಜಿನ ಮೇಲಿದೆ. ಅವಳದೇ ಅಕ್ಷರ — ಶ್ರೀ ವಿನಾಯಕ. ಕಾಶಿನಾಥರು ಬಾಗಿಲಲ್ಲೇ ನಿಂತಿರುತ್ತಾರೆ. ಬರ್ರಿ ವಿನಾಯಕ ಎನ್ನುತ್ತಾರೆ. ಅಲ್ಲ ಎನ್ನಬೇಕು. ಅಷ್ಟಾದರೂ ಹೇಳಬೇಕು. ನಾನು ವಿನಾಯಕ ಅಲ್ಲ, ನಾನು—