ಚಮಚದಲ್ಲಿ ಕೇಳಿದ ಎದೆಬಡಿತ

ಸಾಂತಿಯಾಗೋ, ಜೂನ್ 2020

ನನ್ನ ಚಳಿಯೂರಿನ ಅಮ್ಮಾ,

ಅಲ್ಲಿ ನಮ್ಮ ಪೆರುವಿನ ವಾರಾಸ್‌ನಲ್ಲಿ ನಿನ್ನ ಮೊಣಕಾಲಿಗೆ ಬಿಸಿಲು ತಾಗುತ್ತಿದೆಯಾ? ಮಲಗಿಕೊಂಡೇ ಫೋನಿಗೆ ಮಾತಾಡುತ್ತಿದ್ದೇನೆ. ಅದೇ ಅಕ್ಷರ ಮಾಡಿಕೊಳ್ಳುತ್ತದೆ. ತಮ್ಮ ಓದಿ ಹೇಳಲಿ. ನಡುನಡುವೆ ಮಾತು ತುಂಡಾಗಿದ್ದರೆ ಉಸಿರು ತೆಗೆದುಕೊಂಡೆ ಅಂದುಕೋ.

ನೀನು ಅಜ್ಜಿಯಾದೆ. ಹೆಣ್ಣು ಮಗು. ತಲೆ ತುಂಬ ಕಪ್ಪು ಕೂದಲು, ಹಣೆ ಪೂರ್ತಿ ನಿನ್ನದು. ಬೆರಳು ಉದ್ದ. ನಾವಿಬ್ಬರೂ ಕ್ಷೇಮ. ಇಷ್ಟು ಕೇಳಿದ ಮೇಲೆ ಉಳಿದದ್ದನ್ನು ಗಾಬರಿಯಾಗದೆ ಕೇಳು.

ಇಲ್ಲಿ ಹೆರಿಗೆ ಓದಿಕೊಂಡ ಸೂಲಗಿತ್ತಿಗೆ ಮಾತ್ರೋನಾ ಅನ್ನುತ್ತಾರೆ. ನನ್ನ ಮಾತ್ರೋನಾ ಹೆಸರು ಪೌಲೀನಾ. ರೋಗ ಹಬ್ಬಿದ ಮೇಲೆ ಆಸ್ಪತ್ರೆಗೆ ಬರಬೇಡಿ, ಫೋನಿನಲ್ಲೇ ನೋಡುತ್ತೇವೆ ಅಂದರು. ನನಗೆ ನಗು ಬಂದಿತ್ತು. ಫೋನಿಗೆ ಕೈ ಇದೆಯಾ, ಹೊಟ್ಟೆ ಮುಟ್ಟಿ ನೋಡೋಕೆ, ಅಂತ ಎಲ್ಮೆರ್‌ಗೆ ಹೇಳಿದ್ದೆ. ನನ್ನ ಗಂಡ ತಾನೇ, "ಸುಮ್ನಿರೇ, ಮನೆಮನೆಗೆ ಊಟ ಬರುತ್ತೆ, ಡಾಕ್ಟರ್ ಬಂದ್ರೆ ತಪ್ಪಾ?" ಅಂದ. ಅವನು ಬೈಕಿನಲ್ಲಿ ಊಟ ಹಂಚುವವನು, ಅವನ ಲೋಕವೇ ಹಾಗೆ.

ನಮ್ಮ ವಠಾರ ನಿನಗೆ ಗೊತ್ತು. ಉದ್ದನೆ ಓಣಿ, ಎರಡೂ ಕಡೆ ಸಂಸಾರಕ್ಕೊಂದರಂತೆ ಸಾಲು ಕೋಣೆ. ಮಣ್ಣಿನ ಗೋಡೆಯೊಳಗೆ ಸಿಗ್ನಲ್ ಬರುವುದಿಲ್ಲ. ಓಣಿಯ ನಲ್ಲಿಯ ಹತ್ತಿರ ಕುರ್ಚಿ ಹಾಕಿಕೊಂಡು ಮಾತಾಡಬೇಕು. ಫೋನಿನ ಕಿವಿ ಕೆಟ್ಟಿದೆ, ಸ್ಪೀಕರ್ ಮಾತ್ರ ಕೆಲಸ ಮಾಡುತ್ತದೆ. ಹಾಗಾಗಿ ನನ್ನ ಹೊಟ್ಟೆ ಇಡೀ ವಠಾರದ ಆಸ್ತಿಯಾಗಿತ್ತು. ಮೂತ್ರ ಉರಿಯುತ್ತಾ ಅಂತ ಮಾತ್ರೋನಾ ಕೇಳಿದರೆ, ನಾನು ಬಾಯಿ ಬಿಡುವ ಮೊದಲೇ ಪಕ್ಕದ ಕೋಣೆಯ ಗ್ರಿಸೆಲ್ದಾ, "ಇಲ್ಲಮ್ಮ, ರಾತ್ರಿ ಬರೀ ಎರಡ್ ಸಲ ಎದ್ದಿದ್ಲು" ಅಂತ ಉತ್ತರ ಕೊಟ್ಟುಬಿಡುತ್ತಿದ್ದಳು. ಎದುರು ಕೋಣೆಯ ಹೈತಿಯ ಹುಡುಗಿ ಮಿಸ್ಲೀನ್ ಬಟ್ಟೆ ಒಗೆಯುತ್ತಾ, "ಉಪ್ಪು ತಿಂತಾಳೆ, ಅದನ್ನೂ ಹೇಳಿ" ಅನ್ನುತ್ತಿದ್ದಳು.

ಅಷ್ಟು ಕಿವಿಗಳ ನಡುವೆ ನಿಜ ಹೇಳುವುದು ಹೇಗೆ? ಹೋದ ವಾರ ಮಗು ಆಡುವುದು ಕಡಿಮೆಯಾಯಿತು. ಹಿಂದಿನ ದಿನ ಒಂದೆರಡು ಸಲ ಹೊರಳಿತ್ತು, ಆ ದಿನ ಅದೂ ಇಲ್ಲ. ನಾನು ಯಾರಿಗೂ ಹೇಳಲಿಲ್ಲ. ಹೇಳಿದರೆ ಆಸ್ಪತ್ರೆಗೆ ಕರೆಯುತ್ತಾರೆ, ಎಲ್ಮೆರ್‌ನನ್ನು ಒಳಗೆ ಬಿಡುವುದಿಲ್ಲ, ಒಳಗೆ ಹೋದವರು ಚೀಲದಲ್ಲಿ ಬರುತ್ತಾರೆ ಅಂತ ವಠಾರದ ಮಾತು.

ಸಂಜೆ ಪೌಲೀನಾಳ ಫೋನ್ ಬಂತು. ಮಗು ಒದೀತಾ ಇದೆಯಾ ಅಂದಳು. ಹೂಂ ಅಂದೆ.

"ಮಾರ್ಲೆನಿ, ನಿನ್ನ ಮುಖ ನಂಗೆ ಕಾಣಲ್ಲ. ಅದಕ್ಕೇ ಇಷ್ಟು ದಿನ ನಿನ್ನ ದನೀನೇ ನೋಡ್ಕೊಂಡ್ ಬಂದಿದೀನಿ. ಇವತ್ತಿನ ಹೂಂ ಬೇರೆ ಥರ ಇದೆ."

ಅಮ್ಮಾ, ಅವಳನ್ನು ನಾನು ಕಂಡೇ ಇರಲಿಲ್ಲ. ಆದರೂ ಯಾರೋ ಬೆನ್ನ ಮೇಲೆ ಕೈ ಇಟ್ಟ ಹಾಗಾಯಿತು. ಆದರೂ ಹಠ ಬಿಡಲಿಲ್ಲ. ಅನುಮಾನಕ್ಕೆಲ್ಲ ಆಸ್ಪತ್ರೆಗೆ ಬರಲ್ಲ ಅಂದೆ.

"ಆಯ್ತು ಬಿಡು, ಮಗೂನೇ ಕೇಳೋಣ" ಅಂದಳು.

ಒಲೆಗೆ ಸೀಮೆಎಣ್ಣೆ ಸುರಿಯುವ ಆಲಿಕೆಯನ್ನು ತೊಳೆದು ತರಿಸಿದಳು. ನನ್ನನ್ನು ಅಲ್ಲೇ ಓಣಿಯಲ್ಲಿ ಹಾಸಿಗೆ ಹಾಕಿ ಮಲಗಿಸಿದರು. ಮಗುವಿನ ಬೆನ್ನು ಎಲ್ಲಿದೆ ಅಂತ ನನ್ನ ಕೈಯಿಂದಲೇ ಹುಡುಕಿಸಿದಳು. ಅಲ್ಲಿ ಆಲಿಕೆ ಇಟ್ಟು ಎಲ್ಮೆರ್ ಕಿವಿ ಹಚ್ಚಬೇಕು, ಒಂದು ಕೈಯಲ್ಲಿ ನನ್ನ ನಾಡಿ ಹಿಡಿದಿರಬೇಕು. ನಾಡಿಗಿಂತ ಬೇರೆ ತಾಳ ಕೇಳಿದರೆ ಅದೇ ಮಗು. ಕೇಳಿದ ಹಾಗೆಲ್ಲ ಇನ್ನೊಂದು ಕೈಯಲ್ಲಿ ಏನನ್ನಾದರೂ ಬಡಿಯಬೇಕು, ಅವಳು ಅಲ್ಲಿ ಎಣಿಸುತ್ತಾಳೆ. ಗ್ರಿಸೆಲ್ದಾ ತನ್ನ ಬೇಳೆ ಪಾತ್ರೆ ಬೋರಲು ಹಾಕಿ ಚಮಚ ಕೊಟ್ಟಳು.

ಅವನು ಬಡಿದ, ನೋಡು. ನಾಲ್ಕು ಏಟು ಬಿದ್ದಿರಬೇಕು, ಗೋಡೆಯಾಚೆಯ ಮನೆಯಲ್ಲೂ ಪಾತ್ರೆ ಬಡಿಯತೊಡಗಿದರು. ಆಮೇಲೆ ಎದುರು ಮಹಡಿ, ಆಮೇಲೆ ಇಡೀ ಬೀದಿ. ಕೆಲಸವಿಲ್ಲ, ಊಟವಿಲ್ಲ ಅಂತ ಸಂಜೆ ಹೊತ್ತು ಪಾತ್ರೆ ಬಡಿಯುವುದು ಇಲ್ಲಿನ ರೂಢಿ. ಒಬ್ಬರು ಶುರು ಮಾಡಿದರೆ ಸಾಕು. ನಮ್ಮ ಚಮಚವನ್ನೂ ಅದೇ ಅಂದುಕೊಂಡರು. ಫೋನಿನಲ್ಲಿ ಪೌಲೀನಾ, "ಯಾವ್ದಪ್ಪಾ ಮಗು?" ಅಂತ ಕೂಗುತ್ತಿದ್ದಳು.

ಮಿಸ್ಲೀನ್ ಸೋಪಿನ ಕೈಯಲ್ಲೇ ಗೇಟಿಗೆ ಓಡಿದಳು. ಅವಳ ಅರೆಬರೆ ಸ್ಪ್ಯಾನಿಷ್‌ಗೆ ನಗುತ್ತಿದ್ದವರೇ ಆ ಬೀದಿಯವರು. "ನಿಲ್ಸಿ! ಮಗೂ ಎದೆ ಕೇಳ್ತಾ ಇದೀವಿ!" ಅಂದಳು. ಮಾತು ಕಿಟಕಿಯಿಂದ ಕಿಟಕಿಗೆ ಹೋಯಿತು. "ಮಗುವಂತೆ." "ಯಾರದ್ದು?" "ಆ ಪೆರುವಿನ ಹುಡುಗೀದು, ಮುಚ್ಕೊಂಡಿರೋ."

ಬೀದಿ ಮೌನವಾಯಿತು, ಅಮ್ಮಾ. ಅಂಥ ಮೌನವನ್ನು ನಾನು ನಮ್ಮ ಹಿಮದ ಬೆಟ್ಟದ ಬುಡದಲ್ಲೂ ಕೇಳಿರಲಿಲ್ಲ. ಆ ಮೌನದೊಳಗೆ ಚಮಚ ಬಡಿಯಿತು. ಹೊಟ್ಟೆಯೊಳಗಿನ ಕತ್ತಲಲ್ಲಿ ಒಬ್ಬಳೇ ಇದ್ದವಳು ಪಾತ್ರೆಯ ಮೇಲೆ ಬಂದು ಮಾತಾಡಿದಳು. ಎಲ್ಲರೂ ಕೇಳಿದರು. ಬಡಿತ ಇತ್ತು. ಆದರೆ ನಿಧಾನ. ಒಮ್ಮೆ ಚಮಚ ಗಾಳಿಯಲ್ಲೇ ನಿಂತಿತು, ಎಲ್ಮೆರ್‌ನ ಕಣ್ಣು ನನ್ನ ಕಣ್ಣಲ್ಲಿ ನಿಂತಿತು. ಮತ್ತೆ ಬಿತ್ತು.

"ಸಾಕು. ಈಗ್ಲೇ ಹೊರಡಿ. ಬಾಗ್ಲಲ್ಲಿ ನಾನೇ ಇರ್ತೀನಿ" ಅಂದಳು ಪೌಲೀನಾ.

ನಾನು ಎದ್ದೆ. ಮಗಳೇ ಹೇಳಿದ ಮೇಲೆ ನನ್ನದೇನು?

ಬೀದಿಯವರೊಬ್ಬರ ತರಕಾರಿ ವ್ಯಾನಿನಲ್ಲಿ ಹೋದೆವು. ಬೀದಿಯುದ್ದಕ್ಕೂ ಜನ ಬಾಗಿಲಲ್ಲಿ ಪಾತ್ರೆ ಹಿಡಿದು ನಿಂತಿದ್ದರು, ಯಾರೂ ಸದ್ದು ಮಾಡಲಿಲ್ಲ. ಆಸ್ಪತ್ರೆಯ ಬಾಗಿಲಲ್ಲಿ ಮುಖವೆಲ್ಲ ಮುಚ್ಚಿಕೊಂಡ ಗಿಡ್ಡ ಹೆಂಗಸೊಬ್ಬಳು, "ಬಾ ಮಗಾ" ಅಂದಳು. ದನಿಯಿಂದಲೇ ಗುರುತು ಹಿಡಿದೆ. ಹೊಟ್ಟೆ ಕೊಯ್ದು ಮಗುವನ್ನು ತೆಗೆದರು. ಹೊಕ್ಕುಳ ಬಳ್ಳಿ ಕುತ್ತಿಗೆಗೆ ಸುತ್ತಿತ್ತಂತೆ. ಇನ್ನಷ್ಟು ತಡವಾಗಿದ್ದರೆ ಅಂತ ಪೌಲೀನಾ ಮಾತು ಶುರು ಮಾಡಿದಳು, ಮುಗಿಸಲಿಲ್ಲ.

ನಿನ್ನ ಆಶೀರ್ವಾದ ಬೇಡುವ,
ಮಾರ್ಲೆನಿ

ಮರೆತದ್ದಲ್ಲ, ಹೇಳಲು ಧೈರ್ಯ ಬೇಕಿತ್ತು: ಬಂದ ದಿನ ಪರೀಕ್ಷೆ ಮಾಡಿದರು, ಆ ರೋಗ ನನಗೂ ಇತ್ತು. ಜ್ವರ ಈಗ ಬಿಟ್ಟಿದೆ, ಆಮ್ಲಜನಕದ ಕೊಳವೆಯನ್ನೂ ನಿನ್ನೆ ತೆಗೆದರು. ಮಗುವಿಗೆ ಇಲ್ಲ. ಅದಕ್ಕೇ ಅವಳನ್ನು ಬೇರೆ ಮಹಡಿಯಲ್ಲಿ ಇಟ್ಟಿದ್ದಾರೆ, ನಾನು ಇನ್ನೂ ಮುಟ್ಟಿಲ್ಲ. ಕೂದಲು, ಹಣೆ, ಬೆರಳು ಅಂತ ಹೇಳಿದ್ದೆಲ್ಲ ನರ್ಸು ಫೋನಿನಲ್ಲಿ ತೋರಿಸಿದ್ದು. ಇವತ್ತು ಅವಳು ಜೋರಾಗಿ ಅಳುತ್ತಿದ್ದಳು. ನರ್ಸು ಫೋನನ್ನು ಅವಳ ಕಿವಿಯ ಹತ್ತಿರ ಹಿಡಿದಳು. ನಾನು ಬರೀ "ಏನೇ" ಅಂದೆ. ಅವಳು ಅಳು ನಿಲ್ಲಿಸಿ ನನ್ನ ಕಡೆ ತಲೆ ತಿರುಗಿಸಿದಳು.