ನಾಲ್ಕು ತಿಂಗಳಿಗೆ ದೊಡ್ಡವನು

ನರಸಾಪುರ ಬಿಡುಸಂತೆ
ಫೆಬ್ರವರಿ ೩೦, ೨೧೭೪

ನಮ್ಮ ಮುತ್ತಜ್ಜಿಯ ಅಜ್ಜಿಯಾದ ಯೇರಿನ್ ಅವ್ವನವರ ಪಾದಗಳಿಗೆ ಹಾನ್ ಸಂಗಪ್ಪನ ನಮಸ್ಕಾರ.

ಹಿಂದಿನ ಕಾಲಕ್ಕೂ ಕಾಗದ ಒಯ್ಯುವ ಅಂಚೆ ಈಗ ಬಂದಿದೆ, ಅದರಲ್ಲೇ ಇದನ್ನು ಕಳಿಸುತ್ತಿದ್ದೇನೆ. ತಾರೀಖು ನೋಡಿ ನಗಬೇಡಿ. ನಮ್ಮ ಕಾಲದಲ್ಲಿ ಫೆಬ್ರವರಿಗೂ ಮೂವತ್ತು ದಿನ ಕೊಟ್ಟಿದ್ದಾರೆ. ಮಾತು ಒರಟಾಗಿ ಕಂಡರೆ ಹೊಟ್ಟೆಗೆ ಹಾಕಿಕೊಳ್ಳಿ. ಹಳ್ಳಿ ಶಾಲೆಯಲ್ಲಿ ಏಳನೇ ತರಗತಿವರೆಗೆ ಓದಿದವನು ನಾನು. ಆದರೂ ತರಗತಿಗೆ ನಾನೇ ಮೊದಲು.

ತಾವು ಕೊರಿಯಾದಿಂದ ಬಂದು ಇಲ್ಲಿನ ಕಾರ್ಖಾನೆ ಗೇಟಿನ ಮುಂದೆ ಹೋಟೆಲು ಇಟ್ಟಿರಂತೆ. ಆ ಕಾರ್ಖಾನೆಗಳನ್ನೆಲ್ಲ ಈಗ ಮುಚ್ಚಿದ್ದಾರೆ. ಇನ್ನು ನಿಮ್ಮ ಅನ್ನ ನೀವೇ ಹುಡುಕಿಕೊಳ್ಳಿ ಎಂದು ಸರ್ಕಾರ ಆ ಬಯಲನ್ನು ಜನರ ವ್ಯಾಪಾರಕ್ಕೆ ಬಿಟ್ಟಿತು, ಅದೇ ಬಿಡುಸಂತೆ. ಕೊರಿಯಾ ಕೇರಿಯವರೆಲ್ಲ ಕೈಕಟ್ಟಿ ಕೂತಿದ್ದಾಗ ಮೊದಲು ಅಂಗಡಿ ಹಾಕಿದವನು ಯಾರು? ನಾನು. ನವಿಲುಕೋಸನ್ನು ಎಳೆ ಎಳೆಯಾಗಿ ತುರಿದು, ಬೆಳ್ಳುಳ್ಳಿ, ವಿನೆಗರ್, ಬ್ಯಾಡಗಿ ಮೆಣಸಿನ ಪುಡಿ ಹಾಕಿ, ಮೇಲೆ ಕಾದ ಎಳ್ಳೆಣ್ಣೆ ಸುರಿದು 'ಕೊರಿಯಾ ಕೋಸಂಬರಿ' ಅಂತ ಮಾರಿದೆ. ಕೊರಿಯಾದಲ್ಲಿ ಅದನ್ನು ಯಾರೂ ಕಂಡಿಲ್ಲ, ಆ ಮಾತು ಬಿಡಿ. ಮಾಲೂರಿನಿಂದ ಜನ ತೇಲುಗಾಡಿ, ಅಂದರೆ ಚಕ್ರವಿಲ್ಲದ ಬಸ್ಸು, ಹತ್ತಿ ಬಂದು ತಿಂದರು.

ಆಗ ಬಂದನಪ್ಪ ನಮ್ಮ ದೊಡ್ಡಪ್ಪನ ಮಗ ತೇಜೂನ್. ನನಗಿಂತ ನಾಲ್ಕು ತಿಂಗಳಿಗೆ ದೊಡ್ಡವನು. ನಮ್ಮ ಕೇರಿಯ ಕಟ್ಟಳೆ ತಮಗೆ ಗೊತ್ತಲ್ಲ, ಹೊತ್ತು ತಂದವರೇ ತಾವು: ದೊಡ್ಡವನು ಹೇಳಿದರೆ ಚಿಕ್ಕವನು ತಲೆ ಬಗ್ಗಿಸಬೇಕು. ಬಂದವನೇ ನನ್ನ ಕುರ್ಚಿಯಲ್ಲಿ ಕೂತ. "ಜನಕ್ಕೆ ಬಣ್ಣ ಬೇಕು ಕಣೋ ಸಂಗ, ಬೀಟ್‌ರೂಟ್ ಹಾಕು" ಅಂದ. ಹಾಕಿದೆ. ಗಿರಾಕಿಗಳು ಓಡಿದರು. ಈಗ ಆ ಜಾಗವನ್ನೇ ತನ್ನ ಭಾವಮೈದುನನ ಹಾಸಿಗೆ ವ್ಯಾಪಾರಕ್ಕೆ ಕೊಡುತ್ತಾನಂತೆ, ನಾಳೆ ಬೆಳಿಗ್ಗೆ. ನಾನು "ಆಗಲಿ ಅಣ್ಣ" ಅಂದುಬಿಟ್ಟೆ. ಹಾಳು ಬಾಯಿ, ತಾನಾಗಿಯೇ ಅಂದಿತು! "ನಾಲ್ಕು ತಿಂಗಳು ಮುಂಚೆ ಹುಟ್ಟಿದ್ದು ಬಿಟ್ರೆ ಅವ್ರು ಇನ್ನೇನು ಕಡಿದು ಕಟ್ಟೆ ಹಾಕವ್ರೆ?" ಅಂತ ನನ್ನ ಹೆಂಡತಿ ಜಯಮ್ಮ ಸಂಜೆಯಿಂದ ಕೇಳುತ್ತಿದ್ದಾಳೆ.

ಅಲ್ಲ ಅವ್ವ, ಭಾಷೆ ಹೋಯಿತು, ಹೆಸರು ಅರ್ಧ ಹೋಯಿತು, ಮೂಗು ಕೂಡ ಕೋಲಾರದ್ದೇ ಆಯಿತು. ಈ ಕಟ್ಟಳೆಯೊಂದನ್ನು ಮಾತ್ರ ಯಾಕೆ ಅಷ್ಟು ಜೋಪಾನವಾಗಿ ತಂದಿರಿ? ಚೆನ್ನಾಗಿ ಬೈಯೋಣ ಅಂದರೆ ತಾವು ಹಿರಿಯರು, ಬೈಯುವ ಹಾಗೂ ಇಲ್ಲ.

ತಡೀರಿ. ಈ ಕಾಗದ ಮುಟ್ಟುವಾಗ ತಮಗೆ ಇಪ್ಪತ್ತಾರು ವರ್ಷ. ನನಗೆ ಐವತ್ತೆಂಟು. ಹಾಗಾದರೆ ದೊಡ್ಡವನು ನಾನೇ!

ಕೇಳು ಮಗಳೇ ಯೇರಿನ್. ಮುಂದೆ ನಿನಗೆ ಮಕ್ಕಳಾದಾಗ, ಅವರಲ್ಲಿ ಯಾರು ಮೊದಲು ಹುಟ್ಟಿದ್ದು ಅನ್ನೋದನ್ನು ಅವರಿಗೆ ಹೇಳಲೇಬೇಡ, ಈ ಕಟ್ಟಳೆ ಅಲ್ಲಿಗೇ ಮುಗಿಯಲಿ. ಎದುರಾಡಬೇಡ, ದೊಡ್ಡವನು ಹೇಳುತ್ತಿದ್ದೇನೆ. ಸ್ವಲ್ಪ ಬೇಗ ಆಗಲಿ ತಾಯಿ. ತೇಜೂನ್ ಬೆಳಿಗ್ಗೆ ಅಂಗಡಿಯ ಬೀಗದ ಕೈ ಕೇಳೋಕೆ ಬರ್ತಾನೆ.