ಮಡಚಿಟ್ಟ ಟೇಪಿನ ತುದಿ

ಪ್ರೀತಿಯ ಉಸ್ತಾದ್,

ನೀವು ಹೋಗಿ ಎಂಟು ತಿಂಗಳಾದ ಮೇಲೆ ಇವತ್ತು ನನ್ನ ಕಪಾಳಕ್ಕೆ ಹೊಡೆದಿರಿ. ಗ್ರೀಸಿನ ಕೈಯಲ್ಲೇ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಿದ್ದರೆ ಬೈಯಬೇಡಿ.

ಆ ಬೆಲ್ಲದ ವ್ಯಾಪಾರಿಯ ಹಳೆಯ ಬಿಳಿ ಕಾರು ನೆನಪಿದೆಯೇ? ಗೋವಾದಿಂದ ಬರುವಾಗ ಅನಮೋಡ ಘಾಟಿನಲ್ಲಿ ಜರ್ಕ್ ಹೊಡೆಯುತ್ತದೆ ಎಂದು ನಾನು ಕೆಲಸ ಕಲಿಯುತ್ತಿದ್ದ ದಾಂಡೇಲಿಯ ನಿಮ್ಮ ಗ್ಯಾರೇಜಿಗೆ ತಂದಿದ್ದರು. ನೀವು ಸೈಲೆನ್ಸರ್ ಹತ್ತಿರ ಕುಕ್ಕರಗಾಲಲ್ಲಿ ಕೂತು ಹೊಗೆ ಮೂಸಿ, ಪೆಟ್ರೋಲ್ ಕಡಿಮೆ ಬೀಳುತ್ತಿದೆ ಎಂದಿರಿ. ನನಗೆ ನಗು. ಇದು ಕಾರ್ಬ್ಯುರೇಟರ್ ಅಲ್ಲ, ತಿರುವಲು ಸ್ಕ್ರೂ ಇಲ್ಲ, ಪೆಟ್ರೋಲ್ ಎಷ್ಟು ಬಿಡಬೇಕೆಂದು ಕಂಪ್ಯೂಟರೇ ನೋಡಿಕೊಳ್ಳುತ್ತದೆ ಎಂದು ನಿಮಗೇ ಪಾಠ ಹೇಳಿದೆ. ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರ್ ಬಿಚ್ಚಿ ತೊಳೆದೆ. ಟ್ರಯಲ್ ನೋಡುತ್ತೇನೆಂದು ಕಾರು ಒಯ್ದವರು ನೀವು ಒಂದು ತಾಸು ಬರಲಿಲ್ಲ. ಕೇಳಿದರೆ ಚಹಾ ಕುಡಿದೆ ಎಂದಿರಿ.

ಮರುವಾರ ವ್ಯಾಪಾರಿ ಬಂದು, ಘಾಟ್ ಸಲೀಸಾಗಿ ಹತ್ತಿತೆಂದು ನನ್ನ ಬೆನ್ನು ತಟ್ಟಿದರಲ್ಲ, ಆವತ್ತು ಎಲ್ಲರೆದುರು ನಾನು ಆಡಿದ ಮಾತು...

"ನಿಮ್ಮ ಮೂಗಿನ ಕಾಲ ಮುಗೀತ್ರಿ, ಉಸ್ತಾದ್."

"ಹೌದಪಾ ಬಸು, ಇನ್ನ ನಿನ್ನ ಕಾಲ ಬಂತು," ಎಂದು ನಕ್ಕಿರಿ.

ಅದೇ ತಿಂಗಳು ಹಳಿಯಾಳದಲ್ಲಿ ಸ್ವಂತ ಗ್ಯಾರೇಜ್ ಹಾಕಿದೆ. ಮೊದಲ ಗಿರಾಕಿಗಳೆಲ್ಲ ಆ ವ್ಯಾಪಾರಿ ಕಳಿಸಿದವರೇ. ಮತ್ತೆ ನಿಮ್ಮ ಬಾಗಿಲಿಗೆ ಬರಲಿಲ್ಲ. ನಿಮ್ಮ ಮಣ್ಣಿಗೂ ತಡವಾಗಿ ಬಂದೆ.

ಇವತ್ತು ಬೆಳಿಗ್ಗೆ ಅದೇ ಕಾರು ಬಂತು. ಇಲಿ ವೈರು ಕಡಿದಿತ್ತು. ಎಂಜಿನ್ ಬಿಸಿ ಅಳೆಯುವ ಸೆನ್ಸರಿನ ವೈರಿಗೆ ಸುತ್ತಿದ ಕಪ್ಪು ಟೇಪು ಬಿಚ್ಚಲು ಹೋದರೆ, ಅದರ ತುದಿ ಒಂದಿಷ್ಟು ಮಡಚಿತ್ತು. ಮುಂದೆ ಬಿಚ್ಚುವವನ ಉಗುರಿಗೆ ಸಿಗಲಿ ಎಂದು ಹಾಗೆ ಮಡಚುವವರು ನಿಮ್ಮನ್ನು ಬಿಟ್ಟು ಈ ಸೀಮೆಯಲ್ಲಿ ಯಾರಿದ್ದರು? ಒಳಗೆ ಕರೆಂಟು ತಗ್ಗಿಸುವ, ಅಕ್ಕಿಕಾಳಿನಷ್ಟು ರೆಸಿಸ್ಟರ್, ಬೆಸುಗೆ ಹಾಕಿದ್ದು. ಎಂಜಿನ್ ಇನ್ನೂ ತಣ್ಣಗಿದೆ ಎಂದು ಕಂಪ್ಯೂಟರಿಗೆ ಸುಳ್ಳು ಹೇಳುವ ಕಾಳು ಅದು. ಅದನ್ನು ನಂಬಿ ಕಂಪ್ಯೂಟರ್ ಪೆಟ್ರೋಲ್ ತುಸು ಜಾಸ್ತಿ ಬಿಡುತ್ತದೆ. ತೆಗೆದು ಏರಿನಲ್ಲಿ ಓಡಿಸಿ ನೋಡಿದೆ. ಅದೇ ಹಳೆಯ ಜರ್ಕ್. ನಾನು ತೊಳೆದ ಇಂಜೆಕ್ಟರಿನಿಂದ ಏನೂ ಆಗಿರಲಿಲ್ಲ, ಉಸ್ತಾದ್. ನೀವು ಕುಡಿದ ಚಹಾ ಇದೇನಾ? ಒಂದು ಮಾತು ಯಾಕೆ ಹೇಳಲಿಲ್ಲ? ಹೇಳಿದ್ದರೆ ನಾನು...

ಸಂಜೆ ಕಾರು ಒಯ್ಯಲು ಬಂದ ವ್ಯಾಪಾರಿ, ಇದರ ರೋಗ ಬಿಡಿಸಿದವನು ಇವನೇ ಎಂದು ಪಕ್ಕದ ಗಿರಾಕಿಗೆ ಎಂದಿನಂತೆ ಶುರು ಮಾಡಿದರು.

"ನಾನಲ್ರಿ, ಸಾಹುಕಾರ್ರ. ಅವತ್ತ ಮಾಡಿದವ್ರು ನಮ್ಮ ಉಸ್ತಾದ್."

ಬಾನೆಟ್ ಎತ್ತಿ ಜಾಗವನ್ನೂ ತೋರಿಸಿದೆ. ನಿಮ್ಮ ರೆಸಿಸ್ಟರನ್ನು ಅಲ್ಲೇ ಮತ್ತೆ ಬೆಸೆದು ಹೊಸ ಟೇಪು ಸುತ್ತಿದ್ದೇನೆ. ತುದಿ ಮಡಚಿದ್ದೇನೆ.

ನಿಮ್ಮ
ಬಸು